ಅಜ್ಜಿಯ ಓಟು

ಮಾರ್ಚ್ ೧೧, ಶನಿವಾರ

ಅಜ್ಜಿಯ ಓಟನ್ನು ನಾನು ಬೇಕೆಂದೇ ತಪ್ಪಾಗಿ ಒತ್ತಿದ್ದೆ. ಇಷ್ಟು ದಿನ ಬಚ್ಚಿಟ್ಟಿದ್ದೆ.

ಊರೂರು ಸುತ್ತುವ ಈ ಹಡಗಿನಲ್ಲೇ ಮನೆ ಕೊಂಡು ವಾಸಿಸುವವರು, ಮುಂದಿನ ವರ್ಷ ಹಡಗು ನಿಲ್ಲಬೇಕಾದ ಬಂದರುಗಳನ್ನು ಓಟು ಹಾಕಿ ಆರಿಸುತ್ತಾರೆ. ಅಜ್ಜಿಗೆ ಕಣ್ಣು ಮಂಜು. ಹೋದ ವರ್ಷ ಓಟು ಹಾಕುವಾಗ, ಹಾಸಿಗೆ ಹಿಡಿದಿರುವ ತನ್ನ ಅಕ್ಕನ ಊರಿಗೆ ಗುಂಡಿ ಒತ್ತು ಎಂದಿದ್ದಳು. ಆ ಊರನ್ನು ಸುತ್ತಿ ಸುತ್ತಿ ನನಗೆ ಸಾಕಾಗಿತ್ತು. ನೋಡದ ದ್ವೀಪವೊಂದಕ್ಕೆ ಒತ್ತಿದೆ. ದ್ವೀಪ ಒಂದೇ ಓಟಿನಿಂದ ಗೆದ್ದಿತು. ಅಜ್ಜಿ ಹಣೆಬರಹ ಎಂದು ಸುಮ್ಮನಾದಳು.

ಇವತ್ತು ಸಂಜೆ ಅಜ್ಜಿಯ ಅಕ್ಕನ ಊರು ಹಡಗಿನ ಪಕ್ಕದಲ್ಲೇ ಸರಿದುಹೋಯಿತು. ಅಜ್ಜಿ ಬಾಲ್ಕನಿಯ ಕಂಬಿ ಹಿಡಿದು, "ಅದ್ಯಾವೂರ ದೀಪಾನೇ?" ಎಂದಳು. ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದೆ.

"ಉಂಡ ಮನೆಗೇ ಎರಡು ಬಗೆದ್ಯಲ್ಲೇ! ಸ್ಕೂಲ್ ಬಿಟ್ಟೋಳು ಅಂತ ಎಲ್ರೂ ಉಗಿದಾಗ ನನ್ನ ಕಣ್ಣು ಕಣೇ ನೀನು ಅಂದಿದ್ದೆ."

"ನಿಮ್ಮಕ್ಕನಿಗೆ ಈಗ ನಿನ್ನ ಗುರುತೇ ಸಿಗಲ್ಲ. ಹೋಗಿ ಏನ್ ಮಾಡ್ತಿದ್ದೆ?" ಎಂದುಬಿಟ್ಟೆ.

ಅಜ್ಜಿ ಕಂಬಿ ಬಿಟ್ಟು ನನ್ನತ್ತ ತಿರುಗಿದಳು. "ನಾಳೆ ನಿನ್ನ ದ್ವೀಪ ಬರುತ್ತಲ್ಲ, ಇಳಿದು ಅಲ್ಲೇ ಇರು. ವಾಪಸ್ ಬರಬೇಡ."

ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮುದುಕಿಯ ಮಾತ್ರೆ, ಕನ್ನಡಕ, ಚಪ್ಪಲಿ ಹುಡುಕುವ ಕೆಲಸ ತಪ್ಪಿತಲ್ಲ ಎಂದು ಹಗುರವಾಗಿದೆ. ಗೋಡೆಯಾಚೆ ಅವಳು ಅಳುವುದು ಕೇಳಿಸುತ್ತಿದೆ. ನನ್ನ ಬಟ್ಟೆ ತುಂಬಿಯಾಯಿತು. ನಾಳೆ ಬೆಳಿಗ್ಗೆ ಇಳಿಯುತ್ತೇನೆ.