ತೊಟ್ಟಿಲ ಪಕ್ಕದ ನೀರು

ಪೂಜ್ಯ ಫಾದರ್,

ಕೆಲಸ ಮುಗಿಸಿ ನಿಮ್ಮ ಸಂಜೆಯ ದೈವಶಾಸ್ತ್ರ ಎಂ.ಎ. ತರಗತಿಗೆ ಬರುವ ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿ ನಾನು. ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ತಲೆಗೆ ನೀರು ಸುರಿದು ಜ್ಞಾನಸ್ನಾನ ಕೊಡಬಹುದೆಂದು ನೀವು ಪಾಠ ಮಾಡಿದಿರಂತೆ. ಅಂದಿನಿಂದ ಇವರು ತೊಟ್ಟಿಲ ಪಕ್ಕ ಒಂದು ಲೋಟ ನೀರಿಟ್ಟುಕೊಂಡು ಕೂತಿರುತ್ತಾರೆ. ನಾನು ನಿದ್ದೆ ಮಾಡುವುದನ್ನೇ ಬಿಟ್ಟಿದ್ದೇನೆ.

ಮಗಳು ಗುಂಡುಗುಂಡಾಗಿದ್ದಾಳೆ, ನೆಗಡಿ ಕೂಡ ಇಲ್ಲ. "ಭಾನುವಾರ ಚರ್ಚಿನಲ್ಲೇ ಜ್ಞಾನಸ್ನಾನ ಮಾಡಿಸೋಣ ರೀ" ಅಂದೆ. ಅವಳ ಕೆನ್ನೆ ಸವರುತ್ತಾ, "ಅಲ್ಲೀತನಕ ಕಾಯೋ ಹಾಗಿಲ್ಲ ಕಣೇ" ಅಂದರು, ಬಹಳ ಪ್ರೀತಿಯಿಂದ.

ಇಂದು ಪಾಠ ಮುಗಿದ ಮೇಲೆ ಏನಾದರೂ ನೆಪ ಹೇಳಿ ಅವರನ್ನು ಅಲ್ಲೇ ಕೂರಿಸಿಕೊಳ್ಳಿ. ನಮ್ಮಣ್ಣ ಗಾಡಿ ತಂದು ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋಗುವವರೆಗೆ ಸಾಕು.

ಅವರು ತರಗತಿಗೆ ಬರದೇ ಇದ್ದರೆ ದಯವಿಟ್ಟು ನೀವೇ ಮನೆಗೆ ಬನ್ನಿ. ಒಬ್ಬರೇ ಬರಬೇಡಿ.

ಇತಿ,
ಮಗುವಿನ ತಾಯಿ