ಇಟ್ಟಿಗೆ ಒಲೆಯ ತಳಗಲ್ಲು

ನ್ಯೂ ಹ್ಯಾಂಪ್‌ಶೈರ್
ಬುಧವಾರ

ಬ್ಲಾಡ್ಜೆಟ್ ಅಮ್ಮನವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನೀವು ನಮಗೆ ಮನೆ ಮಾರಿದಾಗ ಅಡುಗೆಮನೆಯ, ಬ್ರೆಡ್ ಸುಡುವ ಹಳೇ ಇಟ್ಟಿಗೆ ಒಲೆಗೆ ಯಾರೋ ಗೋಡೆ ಕಟ್ಟಿ ಮುಚ್ಚಿದ್ದರಲ್ಲ, ಅದನ್ನು ಬಿಡಿಸಿ ಈ ಬೇಸಿಗೆಯಲ್ಲಿ ಮತ್ತೆ ಹೊತ್ತಿಸಿದೆವು. ತಳದ ಮಸಿ, ಮಣ್ಣನ್ನು ಒಂದು ಚೂರೂ ಕೆರೆಯಲು ನಾನು ಬಿಡಲಿಲ್ಲ. ಇನ್ನೂರು ವರ್ಷದ ಮಸಿ ಎಂದು ಬಂದವರಿಗೆಲ್ಲ ಜಂಬದಿಂದ ತೋರಿಸುತ್ತಿದ್ದೆ.

ಬೆಂಕಿಗೆ ಆ ಮಣ್ಣು ತಾನೇ ಉದುರಿದೆ. ಇವತ್ತು ಬೆಳಿಗ್ಗೆ, ತಳಗಲ್ಲಿನ ಮೇಲೇ ಇಟ್ಟು ಸುಟ್ಟ ಬ್ರೆಡ್ ತೆಗೆದು ಮಗುಚಿದರೆ ಅದರ ಅಡಿಯಲ್ಲಿ ಉಬ್ಬಿದ ಅಕ್ಷರಗಳು! ತಿರುವುಮುರುವಾಗಿದ್ದವು. ಕನ್ನಡಿ ಹಿಡಿದು ಓದಿದೆ: "ಕೆಜಿಯಾ ಬ್ಲಾಡ್ಜೆಟ್. ಐದು ತಿಂಗಳ ಕೂಸು." ಒಲೆಯ ತಳಕ್ಕೆ ಹಾಸಿರುವುದು ಸಮಾಧಿಯ ಕಲ್ಲು, ಅಮ್ಮ.

"ಕೆತ್ತುವಾಗ ಕೆಟ್ಟ ಕಲ್ಲಿರಬೇಕು, ಸುಮ್ನೆ ಯಾಕೆ ಬಿಸಾಡೋದು ಅಂತ ಹಾಕಿದಾರೆ. ಹೀಗೆ ಬಿಳಿಚಿಕೊಂಡು ನಿಂತ್ಕೋಬೇಡ ಮಾರಾಯ್ತಿ" ಎಂದ ನನ್ನ ಗಂಡ ಏಸಾ. ಹಾಗೆಂದವನು ತಟ್ಟೆಯಲ್ಲಿದ್ದ ನಿನ್ನೆಯ ಬ್ರೆಡ್ಡನ್ನೂ ಮುಟ್ಟಲಿಲ್ಲ.

ಹೋದ ಭಾನುವಾರ ನೀವು ಇಲ್ಲೇ ಕೂತು, "ನಮ್ಮಜ್ಜಿ ಮಾಡ್ತಿದ್ದ ಬ್ರೆಡ್ಡಿನ ರುಚಿಯೇ ಕಣೇ" ಎಂದಿರಿ. ಅದನ್ನು ನೆನೆಸಿಕೊಳ್ಳಲಾರೆ.

ಒಲೆ ಆರಿಸಿದ್ದೇನೆ. ತಣ್ಣಗಾದ ಮೇಲೆ ಕಲ್ಲು ಕೀಳಿಸುತ್ತೇನೆ. ನಿಮ್ಮ ಮನೆತನದವರನ್ನು ಹೂಳಿದ ಜಾಗ ಯಾವುದು, ದಯವಿಟ್ಟು ಬಂದು ತೋರಿಸಿ.

ಆ ಬ್ರೆಡ್ಡನ್ನು ತಿನ್ನುವಂತಿಲ್ಲ, ಬಿಸಾಡಲೂ ಕೈ ಬರುತ್ತಿಲ್ಲ. ನೀವು ಮನೆಯೊಂದಿಗೆ ಬಿಟ್ಟುಹೋದ ಹಳೇ ತೊಟ್ಟಿಲಿಗೆ ನಾನು ಚೆಂದಕ್ಕೆಂದು ಸೌದೆ ತುಂಬಿದ್ದೆ. ಅದನ್ನೆಲ್ಲ ಖಾಲಿ ಮಾಡಿ, ಬ್ರೆಡ್ಡಿಗೆ ಬಿಳಿ ಬಟ್ಟೆ ಸುತ್ತಿ, ಅಲ್ಲೇ ಮಲಗಿಸಿದ್ದೇನೆ.

ನಿಮ್ಮ ದಾರಿ ಕಾಯುತ್ತಿರುವ,
ಹ್ಯಾರಿಯೆಟ್