ಒಣಗದ ಏಪ್ರನ್

ಸ್ಕಾರ್‌ನೆಸ್, ಮೋರೆ ಕರಾವಳಿ
ಮಂಗಳವಾರ, 6 ಮಾರ್ಚ್ 1928

ಗಿಡಿಯನ್,

ಹೆಸರಿನ ಮುಂದೆ ಪ್ರೀತಿಯ ಎಂದು ಬರೆಯಲು ಹೋಗಿ ಕೈ ತಡೆಯಿತು. ತೀರಿಕೊಂಡವನಿಗಾದರೆ ಹಾಗೆ ಬರೆಯಬಹುದು. ಬಿಟ್ಟುಹೋದವನಿಗೆ ಬರೆಯಬೇಕೋ ಬೇಡವೋ ನನಗೆ ತಿಳಿಯದು, ಹಾಗಾಗಿ ಬರಿ ಹೆಸರು. ನಾನು ಎಲ್ಸ್‌ಪೆಟ್, ನಿನ್ನ ಹೆಂಡತಿ. ಎಂಟು ವರ್ಷದಿಂದ ಊರಿನವರ ಬಾಯಲ್ಲಿ ನಿನ್ನ ವಿಧವೆ. ಕೂತುಕೊಂಡು ಓದು, ಇದು ನಿಂತು ಓದುವ ಪತ್ರವಲ್ಲ.

ಬರುವ ಶನಿವಾರ ನಿನ್ನನ್ನು ಹೂಳುತ್ತಾರೆ. ಈ ವರ್ಷ ನಿಮ್ಮ ಗುಟ್ಟಿನ ಸಹೋದರ ಸಂಘಕ್ಕೆ, ಆ ಲಾಡ್ಜಿಗೆ, ಮಾಸ್ಟರ್ ಆಗಿರುವವನು ಬ್ರೆಡ್ ಅಂಗಡಿಯ ಹ್ಯೂ ಲೋಗಿ. ಅವನಿಗೆ ನಿನ್ನ ತೊಗಲಿನ ಏಪ್ರನ್ ನೇತಾಡುವ ಗೂಟ ಕಂಡರಾಗದು. ಕಡಲು ಹೆಣ ಕೊಡದಿದ್ದರೆ ಆ ಸಹೋದರನ ಏಪ್ರನ್ ಗೂಟದಲ್ಲೇ ಇರಬೇಕು, ಅವನ ಜೊತೆಗಲ್ಲದೆ ಮಣ್ಣಿಗೆ ಹೋಗಬಾರದು ಎಂಬುದು ನಮ್ಮ ಲಾಡ್ಜಿನ ಹಳೆಯ ಕಟ್ಟಳೆ, ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಹ್ಯೂ ಹೋದ ತಿಂಗಳು ಮನೆಗೇ ಬಂದಿದ್ದ. "ಖಾಲಿ ಪೆಟ್ಟಿಗೆ ಆದ್ರೂ ಪರವಾಗಿಲ್ಲಮ್ಮ, ಆ ಏಪ್ರನ್ ಇಟ್ಟು ಅವನನ್ನ ಮಣ್ಣಿಗೆ ಸೇರಿಸ್ಬಿಡೋಣ," ಅಂದ. "ಹೊಸದಾಗಿ ಸೇರೋ ಹುಡುಗ್ರು ಕಣ್ಣಿಗೆ ಬಟ್ಟೆ ಕಟ್ಟಿಸ್ಕೊಳ್ಳೋಕೆ ಹೆದರಲ್ಲ, ಆ ಗೂಟದ ಕೆಳಗೆ ಕೂತ್ಕೊಳ್ಳೋಕೆ ಹೆದರ್ತಾರೆ." ನಾನು ಅವನ ಮುಂದೆ ಓಟ್ಸ್ ರೊಟ್ಟಿ, ಚೀಸ್ ಇಟ್ಟೆ. ಯೋಚಿಸಿ ಹೇಳುತ್ತೇನೆ ಎಂದೆ, ವಾರ ಬಿಟ್ಟು ಒಪ್ಪಿದೆ.

ಹೆದರುವುದೇಕೆ ಎಂದು ನೀನು ಕೇಳುವೆ. ನಿನ್ನ ಏಪ್ರನ್ ಅಳುತ್ತದೆ, ಗಿಡಿಯನ್. ಆಗ್ನೇಯದ ಗಾಳಿ ಎದ್ದು ಹವೆ ಮಂಕಾದ ದಿನ ಅದು ಒದ್ದೆಯಾಗುತ್ತದೆ. ಪಕ್ಕದ ಗೂಟಗಳವೆಲ್ಲ ಒಣಗಿಕೊಂಡೇ ಇರುತ್ತವೆ, ನಿನ್ನದೊಂದರಿಂದ ಹನಿ ಇಳಿದು ಕೆಳಗಿನ ಹಲಗೆ ಕಪ್ಪಾಗಿದೆಯಂತೆ. ಲಾಡ್ಜಿನೊಳಗಿನ ಮಾತು ಹೊರಗೆ ಬರಬಾರದು ಎಂದು ಪ್ರಮಾಣ ಮಾಡಿದ ಗಂಡಸರೇ ಇದನ್ನು ಮೀನು ಸೀಳುವ ಹೆಂಗಸರವರೆಗೆ ತಲುಪಿಸಿದರು. ಇನ್ನೂ ಒಂದಿದೆ. ಏಪ್ರನ್ನಿನ ಮೇಲಿನ ಅರ್ಧಚಂದ್ರದ ಮಡಿಕೆ ಇದೆಯಲ್ಲ, ಅದು ಮೇಲಕ್ಕೇ ನಿಂತಿರುತ್ತದೆ. ಹೊಸದಾಗಿ ಒಳಗೆ ಬಂದವರು ಮಾತ್ರ ಅದನ್ನು ಮೇಲಕ್ಕೆ ಎತ್ತಿ ಕಟ್ಟುತ್ತಾರೆ, ಕೆಲಸ ಕಲಿತು ಮೂರನೆಯ ಮೆಟ್ಟಿಲು ಹತ್ತಿದವರದು ಕೆಳಗೆ ಬೀಳಬೇಕು. ನಿನ್ನದನ್ನು ಯಾರು ಎಷ್ಟು ಸಲ ಕೆಳಗೆ ಒತ್ತಿದರೂ ಮುಂದಿನ ಸಭೆಯ ಹೊತ್ತಿಗೆ ಎದ್ದು ನಿಂತಿರುತ್ತದಂತೆ. ಕೌವಿ ಮನೆಯ ಐಸಿ, ನಿನ್ನ ದೋಣಿಯಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡವಳು, ಇದನ್ನು ಕೇಳಿದಾಗಲೆಲ್ಲ ಕೆಟ್ಟದ್ದು ತಟ್ಟದಿರಲಿ ಎಂದು ಬಾಗಿಲ ಚಿಲಕದ ಕಬ್ಬಿಣ ಮುಟ್ಟುತ್ತಾಳೆ.

ನಾನೂ ನಂಬಿದೆ. ಸುಳ್ಳು ಯಾಕೆ ಹೇಳಲಿ? ನಂಬಿದ್ದು ಮಾತ್ರವಲ್ಲ, ಅದರ ಮಾತು ಕೇಳಿದೆ. ಲಾಡ್ಜಿನ ಬಾಗಿಲಲ್ಲಿ ಕತ್ತಿ ಹಿಡಿದು ಕಾಯುವ ಬೆಂಜಮಿನ್ ಸ್ಲೇಟರ್ ನಿನಗೆ ನೆನಪಿರಬೇಕು, ಮಾತಿಗಿಂತ ಕೆಮ್ಮು ಜಾಸ್ತಿ, ಹಗ್ಗ ಹೊಸೆಯುವವನು. ಅವನು ನನ್ನನ್ನು ಮದುವೆಯಾಗು ಎಂದು ಕೇಳಿದ. ಕೇಳಿದ ವಾರವೇ ನಿನ್ನ ಏಪ್ರನ್ ಒದ್ದೆಯಾಯಿತು. ಒರೆಸುವವನೂ ಅವನೇ ಆದ್ದರಿಂದ ಬಂದು ಹೇಳಿದ. "ಗಿಡಿಯನ್‌ಗೆ ಒಪ್ಪಿಗೆ ಇಲ್ಲ ಅನ್ಸುತ್ತೆ ಎಲ್ಸ್‌ಪೆಟ್. ಅವನ ಜೊತೆ ಜಗಳ ಮಾಡೋಕೆ ನನ್ ಕೈಲಾಗಲ್ಲ." ನಾವಿಬ್ಬರೂ ಗೋಡೆ ನೋಡಿಕೊಂಡು ಟೀ ಕುಡಿದೆವು. ಎರಡು ವರ್ಷ ಬಿಟ್ಟು ಮತ್ತೆ ಕೇಳಿದ. ಆಗಲೂ ಅದು ಅತ್ತಿತು. ಅದು ನವೆಂಬರ್ ತಿಂಗಳು, ಸ್ಕಾರ್‌ನೆಸ್‌ನಲ್ಲಿ ನವೆಂಬರಿನಲ್ಲಿ ಗೋಡೆಯೇ ಬೆವರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ನೀನು ಕಡಲಡಿಯಿಂದ ನನ್ನನ್ನು ನೋಡುತ್ತಿದ್ದೀಯ, ಬೇಡ ಅನ್ನುತ್ತಿದ್ದೀಯ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅದರಲ್ಲಿ ನನಗೊಂದು ಸುಖವಿತ್ತು. ಸತ್ತ ಮೇಲೂ ಗಂಡ ಮರೆತಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ?

ಕಳೆದ ಬೇಸಿಗೆಯಲ್ಲಿ ಹೆರಿಂಗ್ ಮೀನು ಸೀಳಲು ಎಂದಿನಂತೆ ಲೆರ್ವಿಕ್‌ಗೆ ಹೋಗಿದ್ದೆ. ಬಂದರಿನ ಕಟ್ಟೆಯ ಮೇಲೆ ಏಡಿ ಹಿಡಿಯುವ ಬುಟ್ಟಿಗಳನ್ನು ಪೇರಿಸಿದ್ದರು. ಸುಸ್ತಾಗಿ ಬೋರಲಾಗಿದ್ದ ಒಂದರ ಮೇಲೆ ಕೂತೆ. ಏಳುವಾಗ ಅದರ ತಳದ ಹಲಗೆ ಕಣ್ಣಿಗೆ ಬಿತ್ತು. ಗಾಳದ ಹಾಗೆ ಬಾಗಿದ ಒಂದು ಗೆರೆ, ಅದನ್ನು ಅಡ್ಡ ಕತ್ತರಿಸಿದ ಎರಡು ಗೀರು. ನಮ್ಮ ಮದುವೆಯ ಮಂಚದ ಕಾಲಿನಲ್ಲಿ ನೀನು ಕೆತ್ತಿದ ಗುರುತು ಅದೇ. ಲಾಡ್ಜಿನಲ್ಲಿ ಒಬ್ಬ ಆರಿಸಿಕೊಂಡ ಗುರುತನ್ನು ಇನ್ನೊಬ್ಬ ತೆಗೆದುಕೊಳ್ಳುವ ಹಾಗಿಲ್ಲ, ತನ್ನ ಕೈಯ ಕೆಲಸದ ಮೇಲೆ ಅದನ್ನು ಹಾಕದೆ ಬಿಡುವ ಹಾಗೂ ಇಲ್ಲ ಎಂದು ನೀನೇ ಮಂಚದ ಮೇಲೆ ಕೂತು ಜಂಬದಿಂದ ಹೇಳಿದ್ದೆ. ಬುಟ್ಟಿಗಳ ಯಜಮಾನನನ್ನು ಕೇಳಿದೆ, ಇದನ್ನು ಹೆಣೆದವರು ಯಾರು ಎಂದು. "ಉತ್ತರದ ದ್ವೀಪದಲ್ಲಿ ಒಬ್ಬ ಇದ್ದಾನೆ ಕಣಮ್ಮ. ಒಂಟಿ ಮನುಷ್ಯ. ಬುಟ್ಟಿ ಚೆನ್ನಾಗಿ ಕಟ್ತಾನೆ, ಆದ್ರೆ ಕಾಲು ಮುಳುಗೋಷ್ಟು ನೀರಿಗೂ ಇಳಿಯಲ್ಲ. ಕಡಲು ಅಂದ್ರೆ ಹುಡುಗೀರಿಗಿಂತ ಹೆಚ್ಚು ಹೆದರ್ತಾನೆ," ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಉಪ್ಪಿನ ತೊಟ್ಟಿಗೆ ಹೋಗಿ ಉಳಿದ ಮೀನು ಸೀಳಿದೆ. ಗೆರೆಗಳು ಎಲ್ಲ ಒಂದೇ ಥರ ಇರುತ್ತವೆ, ಯಾರೋ ಕೆತ್ತಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಊರಿಗೆ ಬಂದೆ. ಸತ್ತವನು ಕಾಡಿದರೆ ಸಹಿಸಬಹುದು. ಬದುಕಿದ್ದಾನೋ ಏನೋ ಎಂಬ ಅನುಮಾನ ಒಲೆಯ ಮುಂದೆ, ಹಾಸಿಗೆಯಲ್ಲಿ, ಇಗರ್ಜಿಯ ಬೆಂಚಿನಲ್ಲಿ ಪಕ್ಕಕ್ಕೇ ಬಂದು ಕೂರುತ್ತದೆ.

ನಿನ್ನೆ ಮಧ್ಯಾಹ್ನ ಬೆಂಜಮಿನ್ ನಿನ್ನ ಏಪ್ರನ್ ತಂದ. ಪೆಟ್ಟಿಗೆಯಲ್ಲಿ ಇಡುವ ಮುಂಚೆ ಮನೆಯ ಹೆಂಗಸು ಅದನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಹೊಲಿದು ಕೊಡಬೇಕು, ಆಮೇಲೆ ಯಾರೂ ಬಿಚ್ಚಬಾರದು. ಅವನು ಅದನ್ನು ಮೇಜಿನ ಮೇಲಿಟ್ಟು ಟೋಪಿ ತೆಗೆದು ನಿಂತ. ಒಳಗೆ ನೀನು ಮಲಗಿದ್ದೀಯ ಎನ್ನುವಷ್ಟು ಮೆಲ್ಲಗೆ ಮಾತಾಡಿದ. "ನಾನು ಮೂರನೇ ಸಲ ಕೇಳ್ತಿಲ್ಲ ಎಲ್ಸ್‌ಪೆಟ್. ಶನಿವಾರ ಆಗ್ಲಿ. ನಿಂಗೇ ಅನ್ಸಿದ್ರೆ ಭಾನುವಾರ ಇಗರ್ಜಿಗೆ ಹೋಗುವಾಗ ನನ್ ಪಕ್ಕ ನಡಿ. ಇಲ್ದಿದ್ರೆ ಬೇಡ." ಇಷ್ಟು ಉದ್ದ ಮಾತನ್ನು ಕೆಮ್ಮದೆ ಆಡಿದ್ದು ಅವನ ಜೀವನದಲ್ಲೇ ಮೊದಲಿರಬೇಕು.

ಅವನು ಹೋದ ಮೇಲೆ ಬಾಗಿಲು ಹಾಕಿ ಏಪ್ರನ್ ಬಿಚ್ಚಿದೆ. ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು, ಮದುವೆಯ ದಿನಗಳಲ್ಲಿ ನೀನು ಮುಟ್ಟಲೂ ಬಿಡುತ್ತಿರಲಿಲ್ಲ. ಕಲೆಯಿಲ್ಲದ ಕುರಿಮರಿಯ ತೊಗಲು, ಬಡಗಿಯವನಿಗೂ ದೊರೆಗೂ ಒಂದೇ ಎನ್ನುತ್ತಿದ್ದೆ. ಈಗ ಅದು ಹಳದಿಯಾಗಿ ಬಿರುಸಾಗಿದೆ. ನಿಮ್ಮ ಅಜ್ಜಂದಿರು ಆರಿಸಿದ ಹೆರಿಂಗ್ ಬೆನ್ನಿನ ನೀಲಿ ಬಣ್ಣದ ಅಂಚುಪಟ್ಟಿ ಬೂದುಬಣ್ಣಕ್ಕೆ ತಿರುಗಿದೆ. ಮಡಿಕೆಯನ್ನು ಬೆರಳಿನಿಂದ ಕೆಳಗೆ ಒತ್ತಿದೆ, ಅದು ಮರದ ಹಲಗೆಯ ಹಾಗೆ ಮತ್ತೆ ಎದ್ದಿತು. ಎದ್ದಾಗ ಅದರ ಬುಡದ ಹೊಲಿಗೆಯಿಂದ ಮೇಜಿನ ಮೇಲೆ ಮರಳು ಉದುರಿತು.

ಹದಿನಾಲ್ಕನೆಯ ವಯಸ್ಸಿನಿಂದ ಉಪ್ಪಿನಲ್ಲಿ ಕೈ ಅದ್ದಿದವಳು ನಾನು. ಆದರೂ ತೊಗಲನ್ನು ನಾಲಿಗೆಗೆ ಹಚ್ಚಿ ನೋಡಿದೆ, ಕಡಲಿನ ಉಪ್ಪೇ. ಒಮ್ಮೆ ಉಪ್ಪುನೀರು ಕುಡಿದ ತೊಗಲು ಹವೆಯ ತೇವವನ್ನು ಎಳೆಯುತ್ತಲೇ ಇರುತ್ತದೆ, ಒಣಗುವಾಗ ಹೇಗೆ ಮಡಚಿತ್ತೋ ಹಾಗೇ ನಿಲ್ಲುತ್ತದೆ. ನಿನ್ನ ಏಪ್ರನ್ ಯಾರಿಗಾಗಿಯೂ ಅತ್ತಿರಲಿಲ್ಲ. ಅದು ಕಡಲಿನಲ್ಲಿ ಮುಳುಗಿತ್ತು. ಕಡಲಿನಲ್ಲಿ ಮುಳುಗಿದ್ದು ತಾನಾಗಿ ನಡೆದು ಬಂದು ಗೂಟಕ್ಕೆ ನೇತುಹಾಕಿಕೊಳ್ಳುವುದಿಲ್ಲ.

ಆಗ ಎಲ್ಲ ಕಂಡಿತು, ನಿನ್ನ ಹಿಂದೆಯೇ ನಡೆದುಬಂದ ಹಾಗೆ. ಯಾರ್ಮತ್‌ನ ಮೀನಿನ ಹಂಗಾಮು ಮುಗಿಸಿ ಬರುತ್ತಿದ್ದಿರಿ. ಏಪ್ರನ್ ಊರಿನ ಗೂಟದಲ್ಲೇ ಇತ್ತು ಎಂದು ನಾವೆಲ್ಲ ಅಂದುಕೊಂಡಿದ್ದೆವು, ನೀನು ಅಲ್ಲಿನ ಲಾಡ್ಜಿಗೆ ಹೋಗಿಬರಲು ಒಯ್ದಿದ್ದೆ, ಅದು ನಿನ್ನ ಉಣ್ಣೆ ಅಂಗಿಯೊಳಗೆ ಸುತ್ತಿಕೊಂಡಿತ್ತು. ಬೆಳಗಿನ ಮಂಜಿನಲ್ಲಿ ದೋಣಿ ಬಂಡೆಗೆ ಬಡಿಯಿತು. ನನ್ನ ತಮ್ಮ ಆಂಡ್ರಾ, ಐಸಿಯ ಇಬ್ಬರು ಮಕ್ಕಳು ಹೋದರು. ಚುಕ್ಕಾಣಿ ಹಿಡಿದ ನೀನು ಉಳಿದೆ. ಊರೆಲ್ಲ ಹಗ್ಗ, ಲಾಟೀನು ಹಿಡಿದು ಬಂಡೆಯ ಮೇಲೆ ಇದ್ದಾಗ ನೀನು ಹಿಂದಿನ ಓಣಿಯಿಂದ ಬಂದೆ. ಲಾಡ್ಜಿನಲ್ಲಿ ಯಾರೂ ಇರಲಿಲ್ಲ, ಬೆಂಜಮಿನ್ ಕೂಡ ನಮ್ಮ ಜೊತೆ ನೀರಿನಲ್ಲಿದ್ದ. ನೀನು ಅದನ್ನು ನಿನ್ನ ಗೂಟಕ್ಕೆ ಹಾಕಿ, ಮಡಿಕೆಯನ್ನು ನಿನ್ನ ಕೈಯಿಂದಲೇ ಮೇಲಕ್ಕೆ ಎತ್ತಿದೆ. ನಾನು ಇನ್ನು ಯಾರಿಗೂ ಯಜಮಾನನಲ್ಲ, ಬಾಗಿಲಲ್ಲಿ ನಿಂತ ಮೊದಲ ದಿನದವನು ಎಂದು ನಿನ್ನವರಿಗೆ ಗೊತ್ತಾಗುವ ಭಾಷೆಯಲ್ಲಿ ಹೇಳಿ ಹೋದೆ. ಅವರಿಗೆ ಅರ್ಥವಾಗಲಿಲ್ಲ. ಅವರು ದೆವ್ವ ಅಂದುಕೊಂಡರು.

ನನ್ನನ್ನು ನಿನ್ನೆಯಿಂದ ತಿನ್ನುತ್ತಿರುವುದು ಒಂದೇ. ಲಾಡ್ಜಿನಿಂದ ಬಂಡೆಗೆ ಎಷ್ಟು ದೂರ? ನಾನು ಗಂಟಲು ಹರಿಯುವ ಹಾಗೆ ನಿನ್ನ ಹೆಸರು ಕೂಗುತ್ತಿದ್ದೆ. ಆಂಡ್ರಾನ ಹೆಸರಿಗಿಂತ ಮೊದಲು ನಿನ್ನ ಹೆಸರು ಕೂಗಿದೆ, ಅಮ್ಮ ಅದನ್ನು ಇವತ್ತಿಗೂ ಮರೆತಿಲ್ಲ. ನಿನಗೆ ಅದು ಕೇಳಿಸಿರಲೇಬೇಕು. ಕೇಳಿಸಿಕೊಂಡೇ ಗುಡ್ಡ ಹತ್ತಿದೆ.

ಯಾಕೆ ಹೋದೆ ಎಂದು ಕೇಳುವ ಅಗತ್ಯವಿಲ್ಲ. ಮೂವರನ್ನು ಕಳೆದು ತಾನೊಬ್ಬನೇ ಬಂದ ನಾವಿಕನ ಮುಖವನ್ನು ಈ ಊರಿನ ಹೆಂಗಸರು ಹೇಗೆ ನೋಡುತ್ತಾರೆ ಎಂದು ನನಗೆ ಗೊತ್ತು, ನಾನೂ ಹಾಗೆ ನೋಡಿದ್ದೇನೆ. ನೀನು ಮನೆಗೆ ಬಂದಿದ್ದರೆ ಮೊದಲ ಮಾತು ಆಂಡ್ರಾ ಎಲ್ಲಿ ಎಂದೇ ಕೇಳುತ್ತಿದ್ದೆ. ಬೈಯುತ್ತಿದ್ದೆ, ಬಹುಶಃ ಹೊಡೆಯುತ್ತಿದ್ದೆ. ಆಮೇಲೆ ನೀರು ಕಾಯಿಸಿ ನಿನ್ನ ಕಾಲು ತೊಳೆಯುತ್ತಿದ್ದೆ. ಅಷ್ಟು ಹೊತ್ತು ನಿಲ್ಲುವ ಧೈರ್ಯ ನಿನಗಿರಲಿಲ್ಲ. ಪ್ರಮಾಣ ಮಾಡಿ ಪಡೆದ ತೊಗಲನ್ನು ಕದ್ದೊಯ್ಯಬಾರದು ಎಂದು ನೆನಪಿಟ್ಟುಕೊಂಡು ವಾಪಸು ಕೊಟ್ಟೆ, ಪ್ರಮಾಣ ಮಾಡಿ ಪಡೆದ ಹೆಂಡತಿಗೆ ಒಂದು ಮಾತು ಹೇಳಲಿಲ್ಲ. ಇದಕ್ಕೆ ನನಗೆ ನಿನ್ನೆ ನಗು ಬಂತು. ಬಹಳ ಹೊತ್ತು ನಕ್ಕೆ, ಅಮ್ಮ ಒಳಗಿನಿಂದ "ಯಾರೇ ಬಂದಿರೋದು?" ಅಂತ ಕೇಳಿದಳು. ಯಾರೂ ಇಲ್ಲ ಎಂದೆ.

ಈಗ ನಾನು ಬಾಯಿ ಬಿಟ್ಟರೆ ಶನಿವಾರದ ಕೆಲಸ ನಿಲ್ಲುತ್ತದೆ. ಐಸಿ ತನ್ನ ಮಕ್ಕಳನ್ನು ಮತ್ತೊಮ್ಮೆ ಕಳೆದುಕೊಳ್ಳುತ್ತಾಳೆ, ಈ ಸಲ ಕಡಲಿನ ಮೇಲೆ ಹೊರಿಸಲು ಬಾರದ ಹಾಗೆ. ನಾನು ಬದುಕಿರುವ ಗಂಡನ ಹೆಂಡತಿಯಾಗಿ ಬೆಂಜಮಿನ್‌ನ ಬಾಗಿಲ ಮುಂದೆ ಹಾದುಹೋಗುತ್ತಾ ಮುದುಕಿಯಾಗುತ್ತೇನೆ. ಬಾಯಿ ಮುಚ್ಚಿದರೆ ಭಾನುವಾರ ಅವನ ಪಕ್ಕ ನಡೆಯಬಹುದು. ಅದು ಪಾಪ. ಕಾನೂನಿನಲ್ಲೂ ಅದಕ್ಕೊಂದು ಹೆಸರಿದೆ. ಕಣ್ಣು ತೆರೆದೇ ಮಾಡುತ್ತಿದ್ದೇನೆ. ಪಾದ್ರಿಗೂ ಹೇಳದ್ದನ್ನು ಒಬ್ಬರಿಗಾದರೂ ಹೇಳಬೇಕಿತ್ತು, ಹೊರಗೆ ಹೇಳಲಾರದವನು ನೀನೊಬ್ಬನೇ.

ಹಾಗಾಗಿ ಕೇಳುತ್ತೇನೆ, ಇಷ್ಟು ವರ್ಷದಲ್ಲಿ ಮೊದಲ ಸಲ. ಬರಬೇಡ. ಉತ್ತರ ಬರೆಯಬೇಡ. ಮುದುಕನಾಗಿ ಮನಸ್ಸು ಕರಗಿದ ದಿನವೂ ದೋಣಿ ಹತ್ತಬೇಡ. ನೀನೇ ಆರಿಸಿಕೊಂಡ ಸಾವು ಅದು, ಅದರಲ್ಲಿ ಗಟ್ಟಿಯಾಗಿ ಇರು. ನಾನು ನಿನ್ನನ್ನು ಪ್ರೀತಿಸುತ್ತಿದ್ದೆ ಎಂಬುದನ್ನು ತೆಗೆದುಹಾಕಲು ನನ್ನಿಂದ ಆಗುವುದಿಲ್ಲ, ಅದನ್ನು ಇಟ್ಟುಕೊಂಡೇ ಅವನ ಪಕ್ಕ ನಡೆಯುತ್ತೇನೆ.

ಇಂತಿ,
ಭಾನುವಾರದವರೆಗೆ ನಿನ್ನವಳಾದ
ಎಲ್ಸ್‌ಪೆಟ್

ಮರೆತ ಮಾತು: ಬುಟ್ಟಿಗಳ ಯಜಮಾನನ ಕೈಯಲ್ಲಿ ಈ ಪತ್ರದ ಜೊತೆ ಕಳಿಸಿದ ಪೊಟ್ಟಣದಲ್ಲಿರುವುದು ನಿನ್ನ ಏಪ್ರನ್. ಹಾಯಿಬಟ್ಟೆಯೊಳಗೆ ನಾನು ಸುತ್ತಿ ಹೊಲಿದದ್ದು ಮೀನು ಸೀಳುವಾಗ ನಾನು ಕಟ್ಟುವ ಏಪ್ರನ್. ಅದಕ್ಕೂ ಉಪ್ಪು ಹಿಡಿದಿದೆ, ತೂಕವೂ ಸರಿಸುಮಾರು ಅಷ್ಟೇ, ಯಾರಿಗೂ ಅನುಮಾನ ಬರುವುದಿಲ್ಲ. ಶನಿವಾರ ಹ್ಯೂ ಲೋಗಿಯವರು ಹೂಳುವುದು ಗಿಡಿಯನ್‌ನ ಹೆಂಡತಿಯನ್ನು. ನಿನ್ನದನ್ನು ಹೂಳಲು ನನಗೆ ಕೈ ಬರಲಿಲ್ಲ. ನೀನು ಇನ್ನೂ ಸಾಯಬೇಕಾದವನು, ಆ ಏಪ್ರನ್ ಇಲ್ಲದೆ ಮಣ್ಣಿಗೆ ಹೋಗುವುದಕ್ಕೆ ನೀವು ಲಾಡ್ಜಿನವರೆಲ್ಲ ಎಷ್ಟು ಹೆದರುತ್ತೀರಿ ಎಂದು ನನಗೆ ಗೊತ್ತು. ಬಿಸಿನೀರಿನಲ್ಲಿ ಅದ್ದಬೇಡ, ತೊಗಲು ಮುದುಡುತ್ತದೆ. ತಣ್ಣನೆಯ ಸಿಹಿನೀರಿನಲ್ಲಿ ಒಂದು ದಿನ ಬಿಟ್ಟು ನೆರಳಿನಲ್ಲಿ ಒಣಗಿಸು, ಉಪ್ಪು ಬಿಡುತ್ತದೆ, ಮಡಿಕೆಯೂ ಬಗ್ಗುತ್ತದೆ.